ಎರಡು ಬಾವುಟ, ಒಂದು ಅಂಗಳ: ರಾಜ್ಯೋತ್ಸವದ ಹೊತ್ತಿಗೆ ಏಳುವ ಪ್ರಶ್ನೆಗಳು

ಪ್ರತಿ ವರ್ಷ ಅಕ್ಟೋಬರ್ ಕೊನೆಯ ವಾರದಲ್ಲಿ ನಮ್ಮ ಬಡಾವಣೆಯ ನಿವಾಸಿಗಳ ಸಂಘದ ಸಭೆಯಲ್ಲಿ ಒಂದೇ ವಿಷಯ ಚರ್ಚೆಗೆ ಬರುತ್ತದೆ. ಉದ್ಯಾನದ ಮೂಲೆಯಲ್ಲಿರುವ ಸಿಮೆಂಟಿನ ಧ್ವಜಕಟ್ಟೆಯ ಮೇಲೆ ಆಗಸ್ಟ್ 15ರಂದೂ ಜನವರಿ 26ರಂದೂ ತ್ರಿವರ್ಣ ಧ್ವಜ ಹಾರುತ್ತದೆ. ನವೆಂಬರ್ 1ರಂದು ಅದೇ ಕಂಬಕ್ಕೆ ಹಳದಿ-ಕೆಂಪು ಬಾವುಟ ಏರಿಸಬಹುದೇ, ಏರಿಸಿದರೆ ಪಕ್ಕದಲ್ಲಿ ರಾಷ್ಟ್ರಧ್ವಜವೂ ಇರಬೇಕೇ, ಕನ್ನಡ ಬಾವುಟಕ್ಕೆ ಸರ್ಕಾರದ ಮಾನ್ಯತೆ ಇದೆಯೇ, ಹಿಂದಿ ರಾಷ್ಟ್ರಭಾಷೆಯಲ್ಲವೇ, ಮನೆಯಲ್ಲಿ ತಮಿಳು ಅಥವಾ ಉರ್ದು ಆಡುವವರನ್ನು ಕನ್ನಡಿಗರೆನ್ನಬಹುದೇ ಎಂಬ ಪ್ರಶ್ನೆಗಳು ಒಂದರ ಹಿಂದೆ ಒಂದು ಏಳುತ್ತವೆ. ಕೇಳುವವರೆಲ್ಲ ಒಳ್ಳೆಯ ಮನಸ್ಸಿನವರೇ. ಯಾವುದು ಕಾನೂನು, ಯಾವುದು ರೂಢಿ ಎಂಬುದು ಸ್ಪಷ್ಟವಿಲ್ಲದ ಕಾರಣ ಸಭೆ ಬಿಸಿಯೇರುತ್ತದೆ. ಆ ಎರಡನ್ನು ಬಿಡಿಸಿ ನೋಡುವುದೇ ಈ ಬರಹದ ಉದ್ದೇಶ.

ದೇಶ, ರಾಜ್ಯ, ನಾಡು

ಮೊದಲು ಮೂರು ಪದಗಳನ್ನು ಬೇರ್ಪಡಿಸಿಕೊಳ್ಳಬೇಕು. ದೇಶದ ಸದಸ್ಯತ್ವವನ್ನು ಪೌರತ್ವ ಎನ್ನುತ್ತೇವೆ. ಭಾರತದ ಸಂವಿಧಾನದಲ್ಲಿ ಇರುವುದು ಒಂದೇ ಪೌರತ್ವ. ಕರ್ನಾಟಕದ ಪೌರ ಅಥವಾ ಕೇರಳದ ಪೌರ ಎಂಬ ಸ್ಥಾನ ಕಾನೂನಿನಲ್ಲಿ ಇಲ್ಲ. ಹುಬ್ಬಳ್ಳಿಯವರ ಪಾಸ್‌ಪೋರ್ಟಿನಲ್ಲೂ ಗುವಾಹಟಿಯವರ ಪಾಸ್‌ಪೋರ್ಟಿನಲ್ಲೂ ರಾಷ್ಟ್ರೀಯತೆಯ ಮುಂದೆ ಒಂದೇ ಪದವಿರುತ್ತದೆ.

ರಾಜ್ಯ ಎಂಬುದು ಆಡಳಿತದ ಘಟಕ. 1953ರಲ್ಲಿ ನೇಮಕವಾದ ರಾಜ್ಯ ಪುನರ್ವಿಂಗಡಣಾ ಆಯೋಗದ ವರದಿಯ ಆಧಾರದ ಮೇಲೆ, ಮೈಸೂರು ಸಂಸ್ಥಾನ, ಮುಂಬಯಿ ಪ್ರಾಂತ, ಹೈದರಾಬಾದ್ ರಾಜ್ಯ, ಮದ್ರಾಸ್ ಪ್ರಾಂತ ಮತ್ತು ಕೊಡಗು ಎಂದು ಹಂಚಿಹೋಗಿದ್ದ ಕನ್ನಡ ಪ್ರದೇಶಗಳು 1956ರ ನವೆಂಬರ್ 1ರಂದು ಒಂದು ಆಡಳಿತದ ಅಡಿಗೆ ಬಂದವು. ಆ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು, ಡಿ. ದೇವರಾಜ ಅರಸು ಅವರು ಮುಖ್ಯಮಂತ್ರಿಯಾಗಿದ್ದಾಗ.

ನಾಡು ಎಂಬ ಮಾತು ಈ ಎರಡಕ್ಕಿಂತ ಹಳೆಯದು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡ ನಾಡಿನ ಗಡಿಯನ್ನು ಕಾವೇರಿ ಮತ್ತು ಗೋದಾವರಿ ನದಿಗಳಿಂದ ಗುರುತಿಸುತ್ತದೆ, ಯಾವ ರಾಜನ ಕೋಟೆಯಿಂದಲೂ ಅಲ್ಲ. ನಾಡು ಎಂದಾಗ ನಾವು ಮಾತನಾಡುತ್ತಿರುವುದು ಭಾಷೆ ಹರಡಿದ ನೆಲದ ಬಗ್ಗೆ, ಆದ್ದರಿಂದಲೇ ಕೇರಳದ ಕಾಸರಗೋಡಿನ, ಮಹಾರಾಷ್ಟ್ರದ ಅಕ್ಕಲಕೋಟೆ ಮತ್ತು ಜತ್ತ ತಾಲ್ಲೂಕುಗಳ ಕನ್ನಡಿಗರು ಕರ್ನಾಟಕದ ಮತದಾರರಲ್ಲದಿದ್ದರೂ ಕನ್ನಡ ನಾಡಿನವರೆಂದು ತಮ್ಮನ್ನು ಕರೆದುಕೊಳ್ಳುತ್ತಾರೆ. ಈ ಮೂರು ಅಳತೆಗಳನ್ನು ಒಂದೇ ಎಂದು ಭಾವಿಸಿದಾಗ, ನಾಡಿನ ಬಾವುಟ ಹಿಡಿದವನು ದೇಶದ ಬಾವುಟಕ್ಕೆ ಎದುರಾಗಿ ನಿಂತಿದ್ದಾನೆ ಎಂಬ ತಪ್ಪು ಲೆಕ್ಕ ಹುಟ್ಟುತ್ತದೆ.

ರಾಷ್ಟ್ರಭಾಷೆ ಎಂಬ ಪದ ಸಂವಿಧಾನದಲ್ಲಿ ಇದೆಯೇ?

ಇಲ್ಲ. ಸಂವಿಧಾನದ 343ನೆಯ ವಿಧಿಯು ದೇವನಾಗರಿ ಲಿಪಿಯ ಹಿಂದಿಯನ್ನು ಒಕ್ಕೂಟದ ಆಡಳಿತ ಭಾಷೆ ಎಂದು ಕರೆಯುತ್ತದೆ. 345ನೆಯ ವಿಧಿಯು ತನ್ನ ಆಡಳಿತ ಭಾಷೆ ಯಾವುದೆಂದು ತೀರ್ಮಾನಿಸುವ ಅಧಿಕಾರವನ್ನು ಆಯಾ ರಾಜ್ಯದ ಶಾಸನಸಭೆಗೆ ಕೊಡುತ್ತದೆ. ಆ ಅಧಿಕಾರದ ಅಡಿಯಲ್ಲೇ 1963ರಲ್ಲಿ ಕನ್ನಡವನ್ನು ಆಡಳಿತ ಭಾಷೆಯಾಗಿಸುವ ಕಾಯ್ದೆ ನಮ್ಮಲ್ಲಿ ಬಂತು. ಅದೇ ವರ್ಷ ಸಂಸತ್ತು ಅಂಗೀಕರಿಸಿದ ಇನ್ನೊಂದು ಕಾಯ್ದೆಯಿಂದ ಕೇಂದ್ರದ ವ್ಯವಹಾರದಲ್ಲಿ ಇಂಗ್ಲಿಷ್ ಮುಂದುವರಿಯಿತು. ಹಿಂದಿಯನ್ನು ರಾಷ್ಟ್ರಭಾಷೆಯೆಂದು ಘೋಷಿಸುವ ಆದೇಶ ದಾಖಲೆಯಲ್ಲಿಲ್ಲ ಎಂದು ಗುಜರಾತ್ ಹೈಕೋರ್ಟ್ 2010ರಲ್ಲಿ ಹೇಳಿದೆ.

ಆಡಳಿತ ಭಾಷೆಗೂ ರಾಷ್ಟ್ರಭಾಷೆಗೂ ಇರುವ ವ್ಯತ್ಯಾಸವನ್ನು ಕೂಡುಕುಟುಂಬವೊಂದರ ಉದಾಹರಣೆಯಿಂದ ತಿಳಿಯಬಹುದು. ಮನೆಯ ಲೆಕ್ಕದ ಪುಸ್ತಕವನ್ನು ಯಾವ ಭಾಷೆಯಲ್ಲಿ ಬರೆಯಬೇಕು ಎಂಬುದು ಅನುಕೂಲಕ್ಕಾಗಿ ಮಾಡಿಕೊಂಡ ಏರ್ಪಾಡು. ಆ ಭಾಷೆಯಲ್ಲಿ ಬರೆಯಲು ಬಾರದ ಸೊಸೆ ಆ ಮನೆಯವಳಲ್ಲ ಎಂದು ಯಾರೂ ಹೇಳುವುದಿಲ್ಲ. ಒಕ್ಕೂಟದ ಆಡಳಿತ ಭಾಷೆ ಎಂಬುದು ಆ ಲೆಕ್ಕದ ಪುಸ್ತಕದಂತೆ.

ಇದನ್ನು ಕಣ್ಣಾರೆ ನೋಡಬೇಕೆಂದರೆ ಜೇಬಿನಿಂದ ಐನೂರು ರೂಪಾಯಿಯ ನೋಟೊಂದನ್ನು ತೆಗೆದು ಹಿಂಬದಿಗೆ ತಿರುಗಿಸಿದರೆ ಸಾಕು. ಅಲ್ಲಿ ಒಂದು ಕಿರಿದಾದ ಪಟ್ಟಿಯಲ್ಲಿ 15 ಭಾಷೆಗಳಲ್ಲಿ ಮೊತ್ತವನ್ನು ಬರೆಯಲಾಗಿದೆ. ಹಿಂದಿ ಮತ್ತು ಇಂಗ್ಲಿಷ್ ಸೇರಿದರೆ ನೋಟಿನ ಮೇಲಿನ ಭಾಷೆಗಳು 17 ಆಗುತ್ತವೆ. ಪಟ್ಟಿಯಲ್ಲಿ ಕನ್ನಡ ನಾಲ್ಕನೆಯ ಸಾಲಿನಲ್ಲಿದೆ, ಅಸ್ಸಾಮಿ, ಬಂಗಾಳಿ ಮತ್ತು ಗುಜರಾತಿಗಳ ನಂತರ. ಈ ಕ್ರಮಕ್ಕೆ ಕಾರಣ ಯಾರ ಹಿರಿತನವೂ ಅಲ್ಲ, ಭಾಷೆಗಳ ಇಂಗ್ಲಿಷ್ ಹೆಸರುಗಳ ಅಕ್ಷರಕ್ರಮ. ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಆರಂಭದಲ್ಲಿ 14 ಭಾಷೆಗಳಿದ್ದವು, ಕನ್ನಡ ಅವುಗಳಲ್ಲೊಂದು. ಈಗ ಆ ಪಟ್ಟಿಯಲ್ಲಿ 22 ಭಾಷೆಗಳಿವೆ. ಕೊಂಕಣಿ 1992ರಲ್ಲಿ ಸೇರಿತು. ತುಳು ಮತ್ತು ಕೊಡವ ಭಾಷಿಕರು ತಮ್ಮ ಭಾಷೆಗಳಿಗಾಗಿ ಇನ್ನೂ ಕೇಳುತ್ತಲೇ ಇದ್ದಾರೆ.

ರೈಲು ನಿಲ್ದಾಣದ ಫಲಕದಲ್ಲಿ ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ಇರಲು, ನಗರ ಸಾರಿಗೆ ಬಸ್ಸಿನ ಫಲಕದಲ್ಲಿ ಹಿಂದಿ ಇಲ್ಲದಿರಲು ಕಾರಣವೂ ಇಲ್ಲೇ ಇದೆ. ರೈಲ್ವೆ ಒಕ್ಕೂಟದ್ದು, ಬಸ್ಸು ರಾಜ್ಯದ್ದು. ಬೆಂಗಳೂರಿನ ಮೆಟ್ರೊದಲ್ಲಿ ಕೇಂದ್ರ ಮತ್ತು ರಾಜ್ಯ ಎರಡೂ ಪಾಲುದಾರರಾಗಿದ್ದರಿಂದ 2017ರಲ್ಲಿ ಹಿಂದಿ ಫಲಕಗಳ ಬಗ್ಗೆ ದೊಡ್ಡ ವಿವಾದ ಎದ್ದಿತು, ಕೊನೆಗೆ ಅವುಗಳನ್ನು ತೆಗೆಯಲಾಯಿತು. ಅಂಗಡಿಗಳ ನಾಮಫಲಕದ ವಿಷಯ ರಾಜ್ಯದ ಕಾನೂನಿಗೆ ಸೇರಿದ್ದು: ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಫಲಕದ ಶೇ 60ರಷ್ಟು ಭಾಗದಲ್ಲಿ ಕನ್ನಡವಿರಬೇಕು, ಅದೂ ಮೇಲ್ಭಾಗದಲ್ಲಿರಬೇಕು.

ತ್ರಿವರ್ಣ ಧ್ವಜ: ಬೆಂಗೇರಿಯ ಬಟ್ಟೆಯಿಂದ ಮನೆಯ ತಾರಸಿಯವರೆಗೆ

ಸಂವಿಧಾನ ರಚನಾ ಸಭೆಯು 1947ರ ಜುಲೈ 22ರಂದು ರಾಷ್ಟ್ರಧ್ವಜವನ್ನು ಅಂಗೀಕರಿಸಿತು. ಉದ್ದ ಮತ್ತು ಎತ್ತರಗಳ ಅನುಪಾತ 3:2, ನಡುವಿನ ಚಕ್ರಕ್ಕೆ 24 ಅರೆಗಳು, ಅಂದರೆ ಕಡ್ಡಿಗಳು. ಇದರ ಸುತ್ತ ಗಟ್ಟಿಯಾದ ಕಾನೂನಿದೆ. 1971ರ ರಾಷ್ಟ್ರೀಯ ಗೌರವಕ್ಕೆ ಅಪಮಾನ ತಡೆ ಕಾಯ್ದೆಯ ಪ್ರಕಾರ, ಸಾರ್ವಜನಿಕವಾಗಿ ಧ್ವಜವನ್ನು ಸುಡುವುದು, ಹರಿಯುವುದು, ತುಳಿಯುವುದು ಮೂರು ವರ್ಷಗಳವರೆಗೆ ಸೆರೆವಾಸಕ್ಕೆ ಗುರಿಯಾಗಬಹುದಾದ ಅಪರಾಧ. ಹಾರಿಸುವ ಕ್ರಮವನ್ನು ಧ್ವಜ ಸಂಹಿತೆ ಹೇಳುತ್ತದೆ. ಈಗಿರುವ ಸಂಹಿತೆ 2002ರ ಜನವರಿ 26ರಿಂದ ಜಾರಿಯಲ್ಲಿದೆ.

ಅದಕ್ಕೂ ಮೊದಲು ಸಾಮಾನ್ಯ ಜನರು ವರ್ಷದ ಕೆಲವೇ ದಿನಗಳಲ್ಲಿ ಮಾತ್ರ ತಮ್ಮ ಮನೆಯ ಮೇಲೆ ಧ್ವಜ ಹಾರಿಸಬಹುದಿತ್ತು ಎಂಬುದು ಇಂದಿನ ಮಕ್ಕಳಿಗೆ ಆಶ್ಚರ್ಯವೆನಿಸಬಹುದು. ಗೌರವದಿಂದ ರಾಷ್ಟ್ರಧ್ವಜ ಹಾರಿಸುವುದು ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ ಎಂದು ಸುಪ್ರೀಂ ಕೋರ್ಟ್ 2004ರ ಜನವರಿಯಲ್ಲಿ ನವೀನ್ ಜಿಂದಾಲ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಸ್ವಾತಂತ್ರ್ಯ ದಿನದಂದು ಮುಖ್ಯಮಂತ್ರಿಗಳು ರಾಜ್ಯಗಳ ರಾಜಧಾನಿಯಲ್ಲಿ ಧ್ವಜಾರೋಹಣ ಮಾಡುವ ಪದ್ಧತಿಯೂ 1974ರಲ್ಲಷ್ಟೇ ಬಂದದ್ದು, ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಎಂ. ಕರುಣಾನಿಧಿ ಅವರ ಒತ್ತಾಯದ ನಂತರ.

ಈ ಧ್ವಜಕ್ಕೂ ನಮ್ಮ ಧಾರವಾಡ ಜಿಲ್ಲೆಗೂ ಇರುವ ನಂಟನ್ನು ಇಲ್ಲಿ ಹೇಳಲೇಬೇಕು. ಗರಗ ಗ್ರಾಮದ ಖಾದಿ ಕೇಂದ್ರದಲ್ಲಿ ಧ್ವಜದ ಬಟ್ಟೆ ನೇಯುತ್ತಾರೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ, 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನ್ಯತೆಯೊಂದಿಗೆ ಧ್ವಜಗಳನ್ನು ಸಿದ್ಧಪಡಿಸುತ್ತದೆ. ದೇಶದ ಗುಣಮಟ್ಟದ ಪಟ್ಟಿಯಲ್ಲಿ ಧ್ವಜದ ಮಾನದಂಡದ ಸಂಖ್ಯೆಯೇ ಐಎಸ್ 1. ನೂಲುವುದು, ನೇಯುವುದು, ಬಣ್ಣ ಹಾಕುವುದು, ಚಕ್ರ ಅಚ್ಚೊತ್ತುವುದು, ಹೊಲಿಯುವುದು, ಕೊನೆಗೆ ಹಗ್ಗ ಮತ್ತು ಮರದ ಗುಂಡಿ ಕಟ್ಟುವುದು ಎಂದು ಕೆಲಸ ಹಂತಹಂತವಾಗಿ ಸಾಗುತ್ತದೆ, ಆ ಕೆಲಸದಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಬಟ್ಟೆಯ ಎರಡೂ ಬದಿಯ ಚಕ್ರಗಳು ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರಬೇಕು. ಬೆಳಕಿಗೆ ಹಿಡಿದಾಗ ಒಂದು ಅರೆಯ ನೆರಳು ಇನ್ನೊಂದರ ಪಕ್ಕಕ್ಕೆ ಸರಿದರೂ ಲೋಪವೇ. ಅಳತೆಗಳು ಒಂಬತ್ತು, ಅತಿ ದೊಡ್ಡದು 21 ಅಡಿ ಉದ್ದ, 14 ಅಡಿ ಎತ್ತರ. 2021ರ ಡಿಸೆಂಬರ್‌ನಲ್ಲಿ ಸಂಹಿತೆಗೆ ತಿದ್ದುಪಡಿ ತಂದು ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಧ್ವಜಕ್ಕೂ ಅವಕಾಶ ಕೊಡಲಾಯಿತು. ಧ್ವಜ ಅಗ್ಗವಾಗಿ ಮನೆಮನೆಗೆ ತಲುಪಿದ್ದು ನಿಜ, ಕೈಮಗ್ಗದ ಮೇಲೆ ಬದುಕು ಕಟ್ಟಿಕೊಂಡ ಬೆಂಗೇರಿಯ ಹೆಣ್ಣುಮಕ್ಕಳಿಗೆ ಅದು ಚಿಂತೆ ತಂದದ್ದೂ ಅಷ್ಟೇ ನಿಜ. 2022ರ ಜುಲೈನಲ್ಲಿ ಇನ್ನೊಂದು ತಿದ್ದುಪಡಿಯಾಗಿ, ಸೂರ್ಯಾಸ್ತಕ್ಕೆ ಇಳಿಸಲೇಬೇಕೆಂಬ ನಿಯಮ ಸಡಿಲವಾಯಿತು. ಈಗ ಮನೆಯ ಮೇಲೆ ಹಗಲು ರಾತ್ರಿ ಹಾರಿಸಬಹುದು.

ಹಳದಿ-ಕೆಂಪು ಬಾವುಟ ಬಂದದ್ದು ಹೇಗೆ

ಕನ್ನಡ ಬಾವುಟದ ಹುಟ್ಟು ಯಾವ ಸಭೆಯ ನಿರ್ಣಯದಲ್ಲೂ ಇಲ್ಲ. ಏಕೀಕರಣವಾಗಿ ಕೆಲವೇ ವರ್ಷಗಳಾಗಿದ್ದ 1960ರ ದಶಕದ ಬೆಂಗಳೂರಿನಲ್ಲಿ ನೆರೆರಾಜ್ಯದ ಪಕ್ಷಗಳ ಬಾವುಟಗಳು ಬೀದಿಗಳಲ್ಲಿ ಕಾಣುತ್ತಿದ್ದವು, ಕನ್ನಡಿಗರು ತಮ್ಮದೆಂದು ಎತ್ತಿ ಹಿಡಿಯುವ ಬಾವುಟ ಇರಲಿಲ್ಲ. ಕನ್ನಡ ಚಳವಳಿಯ ಮುಂದಾಳು, ಪತ್ರಕರ್ತ ಮ. ರಾಮಮೂರ್ತಿ ಅವರು ತಾವು ಕಟ್ಟಿದ ಕನ್ನಡ ಪಕ್ಷಕ್ಕಾಗಿ ಹಳದಿ ಮತ್ತು ಕೆಂಪು ಬಣ್ಣದ ಬಾವುಟವನ್ನು ರೂಪಿಸಿದರು. ಅರಿಶಿನ ಮತ್ತು ಕುಂಕುಮದ ಈ ಜೋಡಿಯನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹೊಸ್ತಿಲ ಮೇಲೆ, ಬಾಗಿನದ ಮೊರದಲ್ಲಿ, ದೇವರ ಮನೆಯಲ್ಲಿ ಅದು ಮೊದಲೇ ಇತ್ತು. ರಾಮಮೂರ್ತಿಯವರು 1967ರಲ್ಲಿ ತಮ್ಮ ಜಮೀನಿನ ಬಾವಿ ಕುಸಿದ ದುರಂತದಲ್ಲಿ ಇಬ್ಬರು ಮಕ್ಕಳೊಂದಿಗೆ ತೀರಿಕೊಂಡರು. ಪಕ್ಷ ಉಳಿಯಲಿಲ್ಲ. ಬಾವುಟ ಮಾತ್ರ ಪಕ್ಷದ ಗಡಿಯನ್ನು ದಾಟಿ ಆಟೋ ನಿಲ್ದಾಣ, ಗರಡಿಮನೆ, ಕಾರ್ಖಾನೆಗಳ ಕನ್ನಡ ಸಂಘ, ಅಭಿಮಾನಿ ಬಳಗಗಳಿಗೆಲ್ಲ ಹರಡಿತು.

ಇದಕ್ಕೆ ಅಧಿಕೃತ ಸ್ಥಾನ ಕೊಡುವ ಪ್ರಯತ್ನಗಳ ಕತೆ ಏಳುಬೀಳಿನದು. 2012ರಲ್ಲಿ ಆಗಿನ ರಾಜ್ಯ ಸರ್ಕಾರವು, ಪ್ರತ್ಯೇಕ ಬಾವುಟ ದೇಶದ ಏಕತೆಗೆ ಪೂರಕವಲ್ಲ ಎಂಬ ನಿಲುವನ್ನು ಹೈಕೋರ್ಟಿನ ಮುಂದೆ ತಿಳಿಸಿತ್ತು. 2017ರಲ್ಲಿ ಸಿದ್ದರಾಮಯ್ಯ ನೇತೃತ್ವದ ಸರ್ಕಾರ ಒಂಬತ್ತು ಮಂದಿಯ ಸಮಿತಿಯನ್ನು ನೇಮಿಸಿತು, ರಾಜ್ಯಕ್ಕೆ ಬಾವುಟವಿರಲು ಸಂವಿಧಾನದ ಅಡ್ಡಿಯಿಲ್ಲ ಎಂದು ಆ ಸಮಿತಿ ವರದಿ ಕೊಟ್ಟಿತು. 2018ರ ಮಾರ್ಚ್ 8ರಂದು ಮುಖ್ಯಮಂತ್ರಿಯವರು ಅನಾವರಣ ಮಾಡಿದ ನಾಡಧ್ವಜದಲ್ಲಿ ಹಳದಿ ಮತ್ತು ಕೆಂಪಿನ ನಡುವೆ ಬಿಳಿಯ ಪಟ್ಟಿ, ಅದರ ಮೇಲೆ ಗಂಡಭೇರುಂಡದ ರಾಜ್ಯ ಲಾಂಛನ ಇತ್ತು. ವಿನ್ಯಾಸವನ್ನು ಕೇಂದ್ರ ಗೃಹ ಸಚಿವಾಲಯಕ್ಕೆ ಕಳುಹಿಸಲಾಯಿತು, ಒಪ್ಪಿಗೆ ಬರಲಿಲ್ಲ. ಐವತ್ತು ವರ್ಷಗಳಿಂದ ಎರಡು ಬಣ್ಣಕ್ಕೆ ಒಗ್ಗಿದ್ದ ಕನ್ನಡ ಹೋರಾಟಗಾರರಲ್ಲಿ ಕೆಲವರಿಗೆ ನಡುವಿನ ಬಿಳಿ ರುಚಿಸಲಿಲ್ಲ. ಇಂದಿಗೂ ನವೆಂಬರ್‌ನಲ್ಲಿ ಬೀದಿಯಲ್ಲಿ ಕಾಣುವುದು ಹಳೆಯ ಎರಡು ಬಣ್ಣದ ಬಾವುಟವೇ.

ಅಧಿಕೃತವಲ್ಲದ್ದು ನಿಷಿದ್ಧವೇ?

ಇಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಭಾರತದಲ್ಲಿ ಕಾನೂನಿನ ಮಾನ್ಯತೆಯೊಂದಿಗೆ ತನ್ನದೇ ಬಾವುಟ ಹೊಂದಿದ್ದ ರಾಜ್ಯವೆಂದರೆ ಜಮ್ಮು ಮತ್ತು ಕಾಶ್ಮೀರ ಮಾತ್ರ. ಕೆಂಪು ನೆಲದ ಮೇಲೆ ನೇಗಿಲು ಮತ್ತು ಮೂರು ಬಿಳಿ ಪಟ್ಟಿಗಳಿದ್ದ ಆ ಬಾವುಟ 1952ರಿಂದ 2019ರವರೆಗೆ ಬಳಕೆಯಲ್ಲಿತ್ತು. ಬೇರೆ ದೇಶಗಳಲ್ಲಿ ಇದು ಸಾಮಾನ್ಯ: ಅಮೆರಿಕದ 50 ರಾಜ್ಯಗಳಿಗೂ ಜರ್ಮನಿಯ 16 ರಾಜ್ಯಗಳಿಗೂ ಅವುಗಳದೇ ಬಾವುಟಗಳಿವೆ. ನಮ್ಮ ಸಂವಿಧಾನ ರಾಜ್ಯದ ಬಾವುಟದ ಬಗ್ಗೆ ಮೌನವಾಗಿದೆ, ಬೇಕು ಎಂದೂ ಹೇಳಿಲ್ಲ, ಬೇಡ ಎಂದೂ ಹೇಳಿಲ್ಲ.

ಅಧಿಕೃತ ಮಾನ್ಯತೆ ಇಲ್ಲದ್ದರ ಪರಿಣಾಮ ಇಷ್ಟೇ: ಕನ್ನಡ ಬಾವುಟಕ್ಕೆ ಬಟ್ಟೆಯ ನಿಯಮವಿಲ್ಲ, ಅಳತೆಯ ನಿಯಮವಿಲ್ಲ, ಅದನ್ನು ರಕ್ಷಿಸುವ ಪ್ರತ್ಯೇಕ ಕಾಯ್ದೆಯೂ ಇಲ್ಲ. ಊರ ಹಬ್ಬಕ್ಕೆ ತೋರಣ ಕಟ್ಟಲು ಹೇಗೆ ಆದೇಶ ಬೇಕಿಲ್ಲವೋ ಹಾಗೆಯೇ ಇದನ್ನು ಏರಿಸಲು ಯಾರ ಅನುಮತಿಪತ್ರವೂ ಬೇಕಿಲ್ಲ. ರಾಷ್ಟ್ರಧ್ವಜವನ್ನು ಕಾರಿನ ಮೇಲೆ ಹಾರಿಸುವ ಅಧಿಕಾರ ರಾಷ್ಟ್ರಪತಿ, ರಾಜ್ಯಪಾಲರು, ಮಂತ್ರಿಗಳು, ನ್ಯಾಯಮೂರ್ತಿಗಳಂಥ ಕೆಲವರಿಗೆ ಮಾತ್ರ ಇದೆ. ಆಟೋದ ಮುಂದೆ ಪಟಪಟಿಸುವ ಕನ್ನಡ ಬಾವುಟಕ್ಕೆ ಆ ನಿರ್ಬಂಧ ಅನ್ವಯಿಸುವುದಿಲ್ಲ. ಲಾಂಛನ ಮತ್ತು ಗೀತೆಗಳ ವಿಷಯದಲ್ಲಿ ರಾಜ್ಯಕ್ಕೆ ಈ ಗೊಂದಲವಿಲ್ಲ. ಕರ್ನಾಟಕವನ್ನು ಭಾರತ ಜನನಿಯ ಮಗಳೆಂದು ಕರೆಯುವ ಕುವೆಂಪು ಅವರ ಕವನವು 2004ರ ಜನವರಿಯಿಂದ ನಾಡಗೀತೆಯಾಗಿದೆ.

ಬೆಳಗಾವಿಯ ಕಂಬ, ಲಂಡನ್ನಿನ ವೇದಿಕೆ

ಬಾವುಟದ ಅರ್ಥ ಅದು ಹಾರುವ ಜಾಗದೊಂದಿಗೆ ಬದಲಾಗುತ್ತದೆ. ಮಂಡ್ಯದ ವೃತ್ತವೊಂದರಲ್ಲಿ ಕನ್ನಡ ಬಾವುಟ ಹಬ್ಬದ ಗುರುತು. ಬೆಳಗಾವಿಯಲ್ಲಿ ಅದೇ ಬಾವುಟ ಗಡಿಯ ಮಾತನ್ನೂ ಹೊತ್ತಿರುತ್ತದೆ, ಏಕೆಂದರೆ ಅಲ್ಲಿ ನವೆಂಬರ್ 1ರಂದು ರಾಜ್ಯೋತ್ಸವದ ಮೆರವಣಿಗೆ ಸಾಗುವ ದಿನವೇ, ಬೆಳಗಾವಿಯನ್ನು ಮಹಾರಾಷ್ಟ್ರಕ್ಕೆ ಸೇರಿಸಬೇಕೆನ್ನುವ ಮಹಾರಾಷ್ಟ್ರ ಏಕೀಕರಣ ಸಮಿತಿಯು ಕರಾಳ ದಿನ ಆಚರಿಸುತ್ತ ಬಂದಿದೆ. 2020ರ ಡಿಸೆಂಬರ್‌ನಲ್ಲಿ ಕನ್ನಡ ಕಾರ್ಯಕರ್ತರು ಬೆಳಗಾವಿ ಮಹಾನಗರ ಪಾಲಿಕೆಯ ಕಚೇರಿಯ ಮುಂದೆ ಕಂಬ ನೆಟ್ಟು ಕನ್ನಡ ಬಾವುಟ ಏರಿಸಿದಾಗ, ಒಂದು ಬಟ್ಟೆಯ ತುಂಡಿನ ಬಗ್ಗೆ ಎರಡು ಭಾಷಿಕರ ನಡುವೆ ವಾರಗಟ್ಟಲೆ ಜಗ್ಗಾಟ ನಡೆಯಿತು. 2021ರ ಡಿಸೆಂಬರ್‌ನಲ್ಲಿ ಕೊಲ್ಹಾಪುರದಲ್ಲಿ ಕನ್ನಡ ಬಾವುಟವನ್ನು ಸುಟ್ಟ ಘಟನೆ ಕರ್ನಾಟಕದಾದ್ಯಂತ ನೋವು ತಂದಿತು. ಅಂಥ ಕೃತ್ಯಕ್ಕೆ 1971ರ ಕಾಯ್ದೆ ಅನ್ವಯಿಸುವುದಿಲ್ಲ, ಬಾವುಟಗಳ ಮಟ್ಟಿಗೆ ಅದು ರಾಷ್ಟ್ರಧ್ವಜಕ್ಕೆ ಸೀಮಿತವಾದದ್ದು. ಆದರೂ ಗುಂಪುಗಳ ನಡುವೆ ವೈರ ಹುಟ್ಟಿಸುವುದು, ಇತರರ ಸ್ವತ್ತಿಗೆ ಹಾನಿ ಮಾಡುವುದು ಮುಂತಾದ ಸಾಮಾನ್ಯ ಅಪರಾಧಗಳ ಅಡಿಯಲ್ಲಿ ಪೊಲೀಸರು ಕ್ರಮ ಕೈಗೊಳ್ಳಲು ದಾರಿಯಿದೆ.

2023ರ ಆರಂಭದಲ್ಲಿ ಲಂಡನ್ನಿನ ವಿಶ್ವವಿದ್ಯಾಲಯವೊಂದರ ಪದವಿ ಪ್ರದಾನ ಸಮಾರಂಭದಲ್ಲಿ ಕನ್ನಡಿಗ ವಿದ್ಯಾರ್ಥಿಯೊಬ್ಬ ವೇದಿಕೆಯ ಮೇಲೆ ಕನ್ನಡ ಬಾವುಟ ಬಿಡಿಸಿ ಹಿಡಿದ ದೃಶ್ಯ ಎಲ್ಲೆಡೆ ಹರಿದಾಡಿತು. ತ್ರಿವರ್ಣ ಧ್ವಜವನ್ನೇಕೆ ಹಿಡಿಯಲಿಲ್ಲ ಎಂದು ಕೆಲವರು ಕೇಳಿದರು. ಕಾನೂನಿನ ದೃಷ್ಟಿಯಲ್ಲಿ ಅದರಲ್ಲಿ ಪ್ರಶ್ನಿಸುವಂಥದ್ದೇನೂ ಇರಲಿಲ್ಲ. ನನ್ನ ಅನಿಸಿಕೆಯಲ್ಲಿ, ಊರು ಯಾವುದೆಂದು ಕೇಳಿದಾಗ ಜಿಲ್ಲೆಯ ಹೆಸರು ಹೇಳಿದವನು ದೇಶವನ್ನು ಮರೆತನೆಂದು ನಾವು ಎಣಿಸುವುದಿಲ್ಲ, ಬಾವುಟದ ವಿಷಯಕ್ಕೂ ಅದೇ ನ್ಯಾಯ ಸಲ್ಲಬೇಕು.

ಕನ್ನಡಿಗ ಎಂದರೆ ಯಾರು?

ಕರ್ನಾಟಕದ ಜನಸಂಖ್ಯೆಯಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು ಮೂರನೇ ಎರಡರಷ್ಟಿದ್ದಾರೆ ಎಂದು 2011ರ ಜನಗಣತಿ ತೋರಿಸುತ್ತದೆ. ಉಳಿದವರ ಮನೆಮಾತು ಉರ್ದು, ತೆಲುಗು, ತಮಿಳು, ಮರಾಠಿ, ತುಳು, ಕೊಂಕಣಿ, ಕೊಡವ, ಲಂಬಾಣಿ ಹೀಗೆ ಹಲವು. ಹಾಗಾದರೆ ಅವರು ಯಾರು? ಉದ್ಯೋಗದ ವಿಷಯದಲ್ಲಿ ಸರ್ಕಾರ ನೇಮಿಸಿದ್ದ ಡಾ. ಸರೋಜಿನಿ ಮಹಿಷಿ ಸಮಿತಿಯು 1980ರ ದಶಕದಲ್ಲಿ ಕೊಟ್ಟ ವ್ಯಾಖ್ಯಾನ ಇಲ್ಲಿ ಉಪಯುಕ್ತವಾಗಿದೆ: ಕನಿಷ್ಠ 15 ವರ್ಷ ಕರ್ನಾಟಕದಲ್ಲಿ ವಾಸವಾಗಿದ್ದು ಕನ್ನಡ ಓದಲು ಬರೆಯಲು ಬಲ್ಲವರು ಕನ್ನಡಿಗರು. ಈ ವ್ಯಾಖ್ಯಾನದಲ್ಲಿ ಹುಟ್ಟಿನ ಮಾತಿಲ್ಲ, ಮಾತೃಭಾಷೆಯ ಮಾತೂ ಇಲ್ಲ. ಶಿವಾಜಿನಗರದ ಉರ್ದು ಮನೆಮಾತಿನ ಆಟೋ ಚಾಲಕ, ಪುತ್ತೂರಿನ ತುಳು ಕುಟುಂಬ, ಮೈಸೂರಿನ ತಮಿಳು ಮೂಲದ ಅಂಗಡಿಯವರು ಎಲ್ಲರೂ ಅದರೊಳಗೆ ಬರುತ್ತಾರೆ. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಕನ್ನಡ ಎಂಬುದು ನಮ್ಮಲ್ಲಿ ಹೊಸತೇನೂ ಅಲ್ಲ.

ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಅನುಕೂಲ ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಕಾಸರಗೋಡಿನ ಕನ್ನಡ ಶಾಲೆಗೆ ಆಸರೆಯಾಗುವ ವಿಧಿಯೂ ಅದೇ, ಬೆಳಗಾವಿಯ ಮರಾಠಿ ಶಾಲೆಗೆ ಆಸರೆಯಾಗುವ ವಿಧಿಯೂ ಅದೇ.

ಅಂಗಳದ ಪ್ರಶ್ನೆಗಳಿಗೆ ಉತ್ತರ

ನವೆಂಬರ್ 1ರಂದು ಕಂಬದ ಮೇಲೆ ರಾಷ್ಟ್ರಧ್ವಜ ಇಲ್ಲದಿದ್ದರೆ, ಅದೇ ಕಂಬಕ್ಕೆ ಕನ್ನಡ ಬಾವುಟ ಏರಿಸಲು ಧ್ವಜ ಸಂಹಿತೆಯ ಅಡ್ಡಿಯಿಲ್ಲ. ಪಕ್ಕದಲ್ಲಿ ರಾಷ್ಟ್ರಧ್ವಜ ಇರಲೇಬೇಕೆಂಬ ಕಡ್ಡಾಯವೂ ಇಲ್ಲ. ಎರಡನ್ನೂ ಹಾರಿಸಬೇಕೆನಿಸಿದರೆ ಕಂಬಗಳು ಬೇರೆಯಾಗಿರಬೇಕು, ಒಂದೇ ಕಂಬದಲ್ಲಿ ರಾಷ್ಟ್ರಧ್ವಜದೊಂದಿಗೆ ಮತ್ತೊಂದನ್ನು ಕಟ್ಟುವಂತಿಲ್ಲ. ಬೇರೆ ಯಾವ ಬಾವುಟವೂ ರಾಷ್ಟ್ರಧ್ವಜಕ್ಕಿಂತ ಎತ್ತರದಲ್ಲಾಗಲಿ, ಅದರ ಮೇಲೆ ಅಥವಾ ಸರಿಸಮನಾಗಿ ಪಕ್ಕದಲ್ಲಾಗಲಿ ಇರಬಾರದು. ಆದ್ದರಿಂದ ಕನ್ನಡ ಬಾವುಟದ ಕಂಬ ಗಿಡ್ಡದಾಗಿದ್ದು ತುಸು ದೂರದಲ್ಲಿರಬೇಕು. ರಾಷ್ಟ್ರಧ್ವಜದ ಕಂಬದ ತುದಿಗೆ ಹೂಮಾಲೆ ಹಾಕುವುದೂ ಸಂಹಿತೆಗೆ ವಿರುದ್ಧ, ಸ್ವಾತಂತ್ರ್ಯ ದಿನ ಮತ್ತು ಗಣರಾಜ್ಯೋತ್ಸವದಂದು ಮಡಚಿದ ಧ್ವಜದೊಳಗೆ ಹೂವಿನ ಪಕಳೆ ಇಟ್ಟು ಬಿಚ್ಚಲು ಮಾತ್ರ ಅವಕಾಶವಿದೆ.

ಹರಿದ ಅಥವಾ ಮಾಸಿದ ರಾಷ್ಟ್ರಧ್ವಜವನ್ನು ಹಾರಿಸಬಾರದು, ಕಸಕ್ಕೂ ಎಸೆಯಬಾರದು. ಅದರ ಗೌರವಕ್ಕೆ ಕುಂದು ಬಾರದಂತೆ, ಖಾಸಗಿಯಾಗಿ, ಇಡಿಯಾಗಿ, ಸಾಧ್ಯವಾದರೆ ಸುಡುವ ಮೂಲಕ ವಿಲೇವಾರಿ ಮಾಡಬೇಕು ಎಂದು ಸಂಹಿತೆ ಹೇಳುತ್ತದೆ. ಬಣ್ಣ ಹೋದ ಕನ್ನಡ ಬಾವುಟದ ಬಗ್ಗೆ ಯಾವ ಕಾನೂನೂ ಏನನ್ನೂ ಹೇಳುವುದಿಲ್ಲ. ನಮ್ಮ ಬೀದಿಯ ತಿರುವಿನ ಆಟೋ ನಿಲ್ದಾಣದ ಹಿರಿಯ ಚಾಲಕರೊಬ್ಬರು ಪ್ರತಿ ಅಕ್ಟೋಬರ್ 31ರ ಸಂಜೆ ಏಣಿ ಹಾಕಿ, ಬಿಸಿಲು ಮಳೆಗೆ ಹಳದಿ ಬೆಳ್ಳಗಾಗಿ ಅಂಚು ಎಳೆಎಳೆಯಾದ ಹಳೆಯ ಬಾವುಟವನ್ನು ಇಳಿಸುತ್ತಾರೆ, ನೆಲಕ್ಕೆ ತಾಗದಂತೆ ತೋಳಿನ ಮೇಲೆ ಹಾಕಿಕೊಂಡು ಕೆಳಗಿಳಿದು, ನಾಲ್ಕು ಮಡಿಕೆ ಮಾಡಿ ಆಟೋದ ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಿ ಇಡುತ್ತಾರೆ. ಹೊಸ ಬಾವುಟದ ಹಗ್ಗಕ್ಕೆ ಗಂಟು ಹಾಕುವುದು ಆಮೇಲೆ.